ಮಾವನ ಕಾರಿಗೆ ಕಾರ್ಬುರೇಟರ್ ಕೂರಿಸಿದವನು

ನನ್ನ ಷಡ್ಡಕನನ್ನು ಎಲ್ಲರೂ ಕರೆಯುವುದು ಕಿವಿ ಅಂತ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಮದುವೆಯ ಕಾಗದದಲ್ಲಿ ಒಂದು ಸಲ ಅಚ್ಚಾಯಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅವನ ಎರಡು ಕಿವಿಯೂ ತಲೆಯಿಂದ ಆಚೆಗೆ ಚಾಚಿಕೊಂಡಿವೆ, ಹೆಸರು ಬಂದದ್ದು ಅದರಿಂದಲೇ ಅಂತ ನಾನು. ಅಲ್ಲ, ಎಂಜಿನ್ನಿನ ಶಬ್ದ ಕೇಳಿಯೇ ಅದರ ಕಾಯಿಲೆ ಹೇಳುತ್ತಾನಲ್ಲ, ಅದಕ್ಕೆ ಅಂತ ಅವನ ಹೆಂಡತಿ. ಅವನ ಹೆಂಡತಿ ಅಂದರೆ ನನ್ನ ನಾದಿನಿ, ನನ್ನ ಹೆಂಡತಿಯ ಒಡಹುಟ್ಟಿದ ತಂಗಿ. ಈ ವಿಷಯಕ್ಕೆ ನಮ್ಮಿಬ್ಬರ ನಡುವೆ ಹನ್ನೊಂದು ವರ್ಷದಿಂದ ವಾದ ನಡೆದಿದೆ. ಕಿವಿ ಮಾತ್ರ ಪಕ್ಕದಲ್ಲಿ ಕೂತು ನಗುತ್ತಾನೆ. ಅವನು ನಗುವುದೂ ನನಗೆ ಹಿಡಿಸುವುದಿಲ್ಲ.

ನಾನು ಪಂಪ್ ಬೆಂಚಿನವನು. ದೊಡ್ಡದೊಂದು ಸರ್ವೀಸ್ ಸೆಂಟರಿನ ಹಿಂಭಾಗದಲ್ಲಿ ಗಾಜಿನ ಬಾಗಿಲಿನ ಕೋಣೆಯೊಂದಿದೆ. ಧೂಳು ಬರಬಾರದು ಅಂತ ಅದರ ಬಾಗಿಲು ಸದಾ ಮುಚ್ಚಿರುತ್ತದೆ. ಲಾರಿ, ಬಸ್ಸು, ಕಾರುಗಳಿಂದ ಬಿಚ್ಚಿ ತಂದ ಇಂಧನದ ಪಂಪುಗಳನ್ನು ಬೆಂಚಿಗೆ ಕಟ್ಟಿ, ಓಡಿಸಿ, ಗೇಜಿನಲ್ಲಿ ಒತ್ತಡ ನೋಡುವುದು ನನ್ನ ಕೆಲಸ. ಪಾಸಾದದ್ದಕ್ಕೆ ಹಸಿರು ಬಣ್ಣದ ಚುಕ್ಕೆ, ಫೇಲಾದದ್ದಕ್ಕೆ ಕೆಂಪು. ಇಪ್ಪತ್ತೆರಡು ವರ್ಷದಿಂದ ಚುಕ್ಕೆ ಇಡುತ್ತಿದ್ದೇನೆ. ಬೇರೆಯವರು ಹತ್ತು ನಿಮಿಷ ಓಡಿಸಿ ಕುಂಚ ಎತ್ತಿಕೊಳ್ಳುತ್ತಾರೆ. ನಾನು ಅರ್ಧ ಗಂಟೆ ಬಿಡುತ್ತೇನೆ. ಬಿಸಿಯಾದ ಮೇಲೆ ಏನು ಮಾಡುತ್ತದೆ ಅಂತ ನೋಡದೆ ನಾನು ಯಾವ ಪಂಪನ್ನೂ ನಂಬಿದವನಲ್ಲ. ಬೆನ್ನ ಹಿಂದೆ ನನ್ನನ್ನು ‘ಅರ್ಧ ಗಂಟೆ ಸಾಹೇಬ್ರು’ ಅಂತ ಆಡಿಕೊಳ್ಳುತ್ತಾರೆ. ಅದು ನನ್ನ ಕಿವಿಗೂ ಬಿದ್ದಿದೆ, ಬೇಸರವೇನೂ ಆಗಿಲ್ಲ.

ಕಿವಿಯದು ಬೇರೆಯೇ ಜಾತಕ. ಅವನ ಅಪ್ಪ ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಹಾಕುತ್ತಿದ್ದರು. ಓದು ಇವನಿಗೆ ಒಗ್ಗಲಿಲ್ಲ, ಇವನು ಓದಿಗೆ ಒಗ್ಗಲಿಲ್ಲ. ಹದಿನಾರಕ್ಕೆ ಸ್ಕೂಟರ್ ರಿಪೇರಿಯ ಅಂಗಡಿ ಸೇರಿದ. ಅಲ್ಲಿ ಕಾರ್ಬುರೇಟರ್ ಅನ್ನುವ ಹಿತ್ತಾಳೆ-ಅಲ್ಯೂಮಿನಿಯಮ್ಮಿನ ಗಂಟು ಕೈಗೆ ಸಿಕ್ಕಿತು, ಆಮೇಲೆ ಬೇರೆ ಏನನ್ನೂ ಅವನು ಮನಸಿಟ್ಟು ಕಲಿಯಲಿಲ್ಲ. ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಪಾತ್ರೆ ಅದು. ಹೊಸ ಗಾಡಿಗಳಲ್ಲಿ ಆ ಕೆಲಸವನ್ನು ಇಂಜೆಕ್ಷನ್ ಮಾಡುತ್ತದೆ, ಅಂದರೆ ನಾನು ಅಳೆಯುವ ಪಂಪುಗಳು. ಹಾಗಾಗಿ ವರ್ಷದಿಂದ ವರ್ಷಕ್ಕೆ ಅವನ ಕಸುಬು ಸವೆಯುತ್ತ ಬಂತು, ನನ್ನದು ಬೆಳೆಯುತ್ತ ಬಂತು. ಈಗ ಅವನ ಅಂಗಡಿಗೆ ಬರುವುದು ಹುಲ್ಲು ಕೊಯ್ಯುವ ಯಂತ್ರ, ಜನರೇಟರು, ಮುದುಕರ ಮೊಪೆಡ್ಡು. ನ್ಯಾಯವಾಗಿ ಹೊಟ್ಟೆಕಿಚ್ಚು ಪಡಬೇಕಾದವನು ಅವನು. ಆದರೆ ಅವನಿಗೆ ಅದು ಬರುವುದೇ ಇಲ್ಲ, ಅವನ ಪಾಲಿನದನ್ನೂ ಸೇರಿಸಿ ನಾನೇ ಪಡುತ್ತೇನೆ.

ನಾನು ಡಿಪ್ಲೊಮಾ ಮಾಡಿದವನು, ಕೆಲಸ ಖಾಯಂ, ಹುಡುಗ ಸಾಧು ಅಂತ ನಾಲ್ಕು ಜನ ಕೂತು ನೋಡಿ ಒಪ್ಪಿ ನನಗೆ ಹೆಣ್ಣು ಕೊಟ್ಟರು. ನಾಲ್ಕು ವರ್ಷ ಕಳೆದ ಮೇಲೆ ನನ್ನ ನಾದಿನಿ ಮೊಪೆಡ್ ರಿಪೇರಿಗೆ ಅಂತ ಹೋದಳು, ಬರುವಾಗ ಗಂಡನನ್ನು ಕರೆದುಕೊಂಡು ಬಂದಳು. ಮಾವ ಕೆಂಡವಾಗುತ್ತಾರೆ, ಆಗ ನಾನು ನಡುವೆ ನಿಂತು ದೊಡ್ಡಸ್ತಿಕೆಯಿಂದ ಸಮಾಧಾನ ಮಾಡಬೇಕು ಅಂತ ಮಾತು ಕೂಡ ಜೋಡಿಸಿಕೊಂಡು ಹೋಗಿದ್ದೆ. ಹೋಗಿ ನೋಡಿದರೆ ಕಿವಿ ನಡುಮನೆಯಲ್ಲಿ ನೆಲದ ಮೇಲೆ ಕೂತು ಅತ್ತೆಯ ಹೊಲಿಗೆ ಯಂತ್ರ ಬಿಚ್ಚಿ ಹಾಕಿಕೊಂಡಿದ್ದ. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚು ಹಿಡಿದಿದ್ದರು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಅಲ್ಲಿಂದ ಶುರು. ಮಾವ ನನ್ನನ್ನು ‘ನೀವು’ ಅನ್ನುತ್ತಾರೆ, ಅವನನ್ನು ‘ಏನೋ’ ಅನ್ನುತ್ತಾರೆ. ನನಗೆ ಮರ್ಯಾದೆ, ಅವನಿಗೆ ಸಲಿಗೆ. ಆ ಮನೆಯಲ್ಲಿ ನಾನು ಕುರ್ಚಿಯ ಮೇಲೆ ಕೂರುತ್ತೇನೆ, ಅವನು ಅಡುಗೆಮನೆಯ ಕಟ್ಟೆಯ ಮೇಲೆ ಕೂರುತ್ತಾನೆ. ಮಸಿ ಕೈ ಒರೆಸಿಕೊಳ್ಳಲಿ ಅಂತ ಅತ್ತೆ ಅವನಿಗೇ ಒಂದು ಟವೆಲ್ ಮೀಸಲಿಟ್ಟಿದ್ದಾರೆ. ನನ್ನ ಕೈ ಯಾವತ್ತೂ ಸ್ವಚ್ಛ, ನನಗೆ ಟವೆಲ್ ಇಲ್ಲ. ನನ್ನ ಸ್ವಂತ ಮಗಳು, ನಾನು ಎತ್ತಿ ಆಡಿಸಿದವಳು, ಅವನು ಬಾಗಿಲಿಗೆ ಬಂದರೆ ನನ್ನ ತೊಡೆಯಿಂದ ಜಿಗಿದು ಅವನ ಬೆನ್ನೇರುತ್ತಾಳೆ. ಇವೆಲ್ಲ ಸಣ್ಣ ವಿಷಯ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಸಣ್ಣವೇ. ಹನ್ನೊಂದು ವರ್ಷ ದಿನಾ ಒಂದೊಂದು ಸಣ್ಣದು ಬಂದು ಹೊಟ್ಟೆ ಸೇರಿದರೆ ಗೊತ್ತಾಗುತ್ತಿತ್ತು ಅವಳಿಗೆ.

ಇನ್ನು ಕಾರಿನ ವಿಷಯ. ಮಾವ ಹಲ್ಲಿನ ಡಾಕ್ಟರು. ಎಪ್ಪತ್ತನಾಲ್ಕು ವಯಸ್ಸು, ಈಗಲೂ ಮನೆಯ ಮುಂದಿನ ಕೋಣೆಯಲ್ಲಿ ಬೆಳಗ್ಗೆ ಹೊತ್ತು ಹಲ್ಲು ನೋಡುತ್ತಾರೆ. ಹರೆಯದಲ್ಲಿ ಅವರು ಯಾರೋ ರೋಗಿಯಿಂದ ಒಂದು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಎರಡೇ ಸೀಟು, ಆರು ಸಿಲಿಂಡರು, ತೆಳು ಹಳದಿ ಬಣ್ಣ, ಉದ್ದನೆ ಮೂತಿ. ಆ ಕಾಲಕ್ಕೆ ಅಪರೂಪವಾದ ಇಂಜೆಕ್ಷನ್ ಅದರಲ್ಲಿತ್ತು. ಕಂಪ್ಯೂಟರ್ ಇಲ್ಲದ, ಬರೀ ಕಬ್ಬಿಣ ಮತ್ತು ಸ್ಪ್ರಿಂಗಿನಲ್ಲಿ ನಡೆಯುವ ಹಳೇ ಬಗೆಯದು. ಅತ್ತೆಯನ್ನು ಮದುವೆಯಾದ ಹೊಸದರಲ್ಲಿ ಆ ಕಾರಿನಲ್ಲಿ ಗುಡ್ಡದ ಮೇಲಿನ ಕೆರೆಗೆ ಕರೆದುಕೊಂಡು ಹೋಗಿದ್ದರಂತೆ. ಆಮೇಲೆ ಮಕ್ಕಳು, ಕೆಲಸ, ಕಾರು ಶೆಡ್ಡಿನಲ್ಲಿ ಕೂತಿತು. ಈಗ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು: ಈ ಸಲ ಲೈಸೆನ್ಸ್ ಮುಗಿದ ಮೇಲೆ ಮತ್ತೆ ಕೊಡುವುದು ಕಷ್ಟ. ಅಷ್ಟರೊಳಗೆ ಒಂದೇ ಒಂದು ಸಲ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕೆರೆಗೆ ಹೋಗಿ ಬರಬೇಕು ಅನ್ನುವುದು ಮಾವನ ಆಸೆ.

ಇಂಜೆಕ್ಷನ್ ಅಂದ ಮೇಲೆ ಅದು ನನ್ನ ಕೆಲಸ, ಇನ್ಯಾರದ್ದು? ಎರಡು ವರ್ಷದ ಭಾನುವಾರಗಳನ್ನು ಆ ಶೆಡ್ಡಿಗೆ ಸುರಿದೆ. ಪೆಟ್ರೋಲನ್ನು ಆರು ಸಿಲಿಂಡರಿಗೂ ಅಳೆದು ಹಂಚುವ ಭಾಗವೊಂದು ಅದರಲ್ಲಿ ಸವೆದು ಹೋಗಿತ್ತು. ಅದರ ಬಿಡಿಭಾಗ ಜಗತ್ತಿನಲ್ಲಿ ಎಲ್ಲೂ ತಯಾರಾಗುವುದಿಲ್ಲ. ಪರಿಚಯದ ಲೇತ್ ಮೆಷೀನಿನವನ ಬಳಿ ಕೂತು, ಕೂದಲೆಳೆಗಿಂತ ತೆಳ್ಳಗಿನ ಲೆಕ್ಕದಲ್ಲಿ ಹೊಸದು ಕಡೆಸಿದೆ. ಕಾರು ಓಡಿತು. ಹನ್ನೊಂದು ದಿನ ಓಡಿತು. ಹನ್ನೆರಡನೇ ದಿನ ಮಾರ್ಕೆಟ್ಟಿನ ನಡು ರಸ್ತೆಯಲ್ಲಿ ನಿಂತುಬಿಟ್ಟಿತು, ಹಿಂದೆ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ, ಮಾವ ಸ್ಟೀರಿಂಗ್ ಹಿಡಿದುಕೊಂಡು ಬೆವರು ಒರೆಸಿಕೊಂಡರು. ಹಗ್ಗ ಕಟ್ಟಿ ಕಾರನ್ನು ಎಳೆದು ತಂದವನು ಕಿವಿ.

ಅವತ್ತು ಶೆಡ್ಡಿನಲ್ಲಿ ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾನು ಜೀವಮಾನವೆಲ್ಲ ಊರವರಿಗೆ ಇಂಜೆಕ್ಷನ್ ಕೊಟ್ಟವನು, ಅದಕ್ಕೇ ನನ್ನ ಕಾರಿಗೂ ಅದೇ ಕಾಟ” ಅಂತ ತಮಾಷೆ ಮಾಡಿದರು. ಆಮೇಲೆ ಕಿವಿಯ ಕಡೆ ತಿರುಗಿ, “ಏನೋ, ನಿನ್ನ ಕೈಲಿ ಏನಾದ್ರೂ ಆಗುತ್ತಾ?” ಅಂದರು.

ಕಿವಿ ಮೊದಲು ನನ್ನ ಮುಖ ನೋಡಿದ. “ಭಾವ ಮಾಡಿರೋದರಲ್ಲಿ ತಪ್ಪೇನಿಲ್ಲ ಮಾವ. ಸಾಮಾನೇ ಸತ್ತೋಗಿದೆ. ಇದೇ ಎಂಜಿನ್ನು ಅದೇ ಕಂಪನಿಯ ದೊಡ್ಡ ಕಾರಲ್ಲೂ ಇತ್ತು, ಅದಕ್ಕೆ ಎರಡು ಕಾರ್ಬುರೇಟರ್ ಬರ್ತಿತ್ತು. ಗುಜರಿಯಲ್ಲಿ ಒಂದು ಬಿದ್ದಿದೆ. ಭಾವ ಹೂಂ ಅಂದ್ರೆ ಇದನ್ನೆಲ್ಲ ಬಿಚ್ಚಿ ಅದನ್ನ ಕೂರಿಸ್ತೀನಿ.”

ಭಾವ ಹೂಂ ಅಂದ್ರೆ! ಎಲ್ಲರೂ ನನ್ನತ್ತ ನೋಡಿದರು. ಉಹೂಂ ಅನ್ನುವ ದಾರಿ ಎಲ್ಲಿತ್ತು? “ಮಾಡಪ್ಪ, ನನಗೇನಂತೆ” ಅಂದೆ. ಮನೆಗೆ ಬಂದು ಊಟ ಬೇಡ ಅಂದೆ. ಹೆಂಡತಿ ಯಾಕೆ ಅಂತಲೂ ಕೇಳಲಿಲ್ಲ, ತಟ್ಟೆ ಎತ್ತಿಟ್ಟಳು.

ಆರು ವಾರ ಅವನು ಕೆಲಸ ಮಾಡಿದ. ನಾನು ಪ್ರತಿ ಭಾನುವಾರ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ, ನೋಡದೇ ಇರಲು ಆಗಲಿಲ್ಲ. ನಾನು ಕಡೆಸಿದ ಭಾಗವನ್ನು ಬಿಚ್ಚಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟ. “ಇಂಥ ಕೈಕೆಲಸ ಬಿಸಾಡಬಾರ್ದು” ಅಂತ ಮಾವನಿಗೆ ಕೇಳುವ ಹಾಗೆ ಹೇಳಿದ. ಇಂಜೆಕ್ಷನ್ನಿಗಿದ್ದ ಹಳೇ ದೊಡ್ಡ ಪಂಪು ತೆಗೆದ. ಟ್ಯಾಂಕಿಗೆ ವಾಪಸು ಹೋಗುವ ಪೈಪಿನ ಬಾಯಿ ಮುಚ್ಚಿದ. ಗುಜರಿಯಿಂದ ತಂದ ಎರಡು ಕಾರ್ಬುರೇಟರುಗಳನ್ನು ತೊಳೆದು, ಸೂಜಿ ಬದಲಿಸಿ, ಎಂಜಿನ್ನಿನ ಪಕ್ಕಕ್ಕೆ ಕೂರಿಸಿದ. ಆಮೇಲೆ ಒಂದು ಮೊಳ ರಬ್ಬರ್ ಪೈಪು ತೆಗೆದುಕೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ ಹಿಡಿದ. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಒಂದರ ಉಸಿರು ಕೇಳುವುದು, ಇನ್ನೊಂದರದ್ದು ಕೇಳುವುದು, ಸ್ಕ್ರೂ ಒಂದು ಚೂರು ತಿರುಗಿಸುವುದು. ಕಣ್ಣು ಮುಚ್ಚಿಕೊಂಡು, ಬಾಯಿ ಅರೆ ತೆರೆದು ನಿಂತಿದ್ದ. ಗಾಳಿ ಅಳೆಯುವ ಮೀಟರ್ ನನ್ನ ಬಳಿ ಇತ್ತು, ಹಟಕ್ಕೆ ತಂದು ಹಿಡಿದು ನೋಡಿದೆ. ಎರಡರಲ್ಲೂ ಮುಳ್ಳು ಒಂದೇ ಗೆರೆಯ ಮೇಲೆ ನಿಂತಿತು. ಮೀಟರನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ. ಅದೇ ಮನುಷ್ಯ ಹಾಡಿದರೆ ಒಂದು ಸ್ವರವೂ ಜಾಗದಲ್ಲಿರುವುದಿಲ್ಲ, ಅದೊಂದೇ ನನಗಿದ್ದ ಸಮಾಧಾನ.

ಒಂದು ಕೆಲಸ ಮಾತ್ರ ಅವನ ಕೈಯಲ್ಲಿರಲಿಲ್ಲ. ಕಾರ್ಬುರೇಟರಿಗೆ ಪೆಟ್ರೋಲು ಮೆಲ್ಲಗೆ ಬರಬೇಕು, ಮೂರು ಪೌಂಡ್ ಒತ್ತಡ ಸಾಕು. ಅವನು ಹಾಕಿದ್ದ ಕರೆಂಟಿನ ಪಂಪು ಏಳು ಪೌಂಡಿನಲ್ಲಿ ನೂಕುತ್ತಿತ್ತು. ಅದನ್ನು ತಗ್ಗಿಸಲು ನಡುವೆ ಒಂದು ರೆಗ್ಯುಲೇಟರ್ ಬೇಕು. ಗುಜರಿಯಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡು ಒಂದು ಬುಧವಾರ ಮಧ್ಯಾಹ್ನ ನನ್ನ ಗಾಜಿನ ಕೋಣೆಯ ಬಾಗಿಲು ತಟ್ಟಿದ. ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಟ್ಟು ಬಂದ.

“ಭಾವ, ಇದು ಮೂರಕ್ಕೆ ನಿಲ್ಲುತ್ತಾ ನೋಡ್ಬೇಕಿತ್ತು. ಶಬ್ದ ಆದ್ರೆ ನಾನು ಕೇಳ್ತೀನಿ, ಪ್ರೆಶರ್ ಕೇಳಿಸಲ್ಲ. ನಿಮ್ಮ ಗೇಜೇ ಹೇಳ್ಬೇಕು.”

“ಇಟ್ಟು ಹೋಗು.”

“ಅವಸರ ಇಲ್ಲ. ನೀವು ಹಸಿರು ಚುಕ್ಕೆ ಇಟ್ರೆ ನಾನು ಎರಡನೇ ಸಲ ನೋಡಲ್ಲ, ಹಾಗೇ ಹಾಕ್ತೀನಿ.”

ಅವನು ಹೋದ ಮೇಲೆ ಬೆಂಚಿಗೆ ಕಟ್ಟಿದೆ. ಹತ್ತು ನಿಮಿಷ ಮೂರು ಪೌಂಡಿಗೇ ಗಟ್ಟಿಯಾಗಿ ನಿಂತಿತು. ಹದಿನೈದಕ್ಕೆ ಮೂರೂವರೆ. ಬಿಸಿಯಾದ ಹಾಗೆ ಒಳಗಿನ ಹಳೇ ರಬ್ಬರ್ ಸಡಿಲವಾಗತೊಡಗಿತು. ಇಪ್ಪತ್ತಕ್ಕೆ ಐದು. ಅರ್ಧ ಗಂಟೆಗೆ ಆರೂವರೆ ದಾಟಿ ಮುಳ್ಳು ನಡುಗುತ್ತ ನಿಂತಿತು. ಸಣ್ಣ ಮಕ್ಕಳಿಗೂ ಗೊತ್ತಾಗುವ ಹಾಗೆ ಅದು ಫೇಲು.

ಕೆಂಪು ಡಬ್ಬಿ ಎಡಗಡೆ, ಹಸಿರು ಡಬ್ಬಿ ಬಲಗಡೆ ಇರುತ್ತವೆ. ಕುಂಚ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ನಾನು ಯೋಚಿಸಿದ್ದು ಇಷ್ಟು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಹೊರಟ ಇಪ್ಪತ್ತು ನಿಮಿಷಕ್ಕೆ ಪೆಟ್ರೋಲು ಜಾಸ್ತಿಯಾಗಿ ಪ್ಲಗ್ಗುಗಳು ನೆನೆಯುತ್ತವೆ. ಕಾರು ಕಪ್ಪು ಹೊಗೆ ಬಿಟ್ಟು, ಕೆಮ್ಮಿ, ನಡು ರಸ್ತೆಯಲ್ಲಿ ನಿಲ್ಲುತ್ತದೆ. ನನ್ನ ಕೈಯಲ್ಲಿ ನಿಂತ ಹಾಗೆಯೇ ಅವನ ಕೈಯಲ್ಲೂ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚೇನೂ ನನಗೆ ಬೇಕಾಗಿರಲಿಲ್ಲ. ಹಸಿರು ಚುಕ್ಕೆ ಇಟ್ಟೆ. ಚುಕ್ಕೆ ದುಂಡಗೆ ಬಂತು.

ಭಾನುವಾರ ಬೆಳಗ್ಗೆ ಕಾರು ಗೇಟಿನ ಆಚೆ ನಿಂತಿತ್ತು, ಮಾವ ಸ್ಟೀರಿಂಗ್ ಹಿಡಿದು ಕೂತಿದ್ದರು. ಅತ್ತೆ ನೀಲಿ ಸ್ಕಾರ್ಫ್ ಕಟ್ಟಿಕೊಂಡು ಬಂದರು. ಆ ದಿನ ಬರೀ ಪರೀಕ್ಷೆ, ಅತ್ತೆಯ ಸವಾರಿ ಮುಂದಿನ ವಾರ ಅಂತ ಮಾತಾಗಿತ್ತು. ಆದರೆ ಎಂಜಿನ್ನಿನ ಸದ್ದು ಕೇಳಿದ್ದೇ ಅವರಿಗೆ ತಡೆಯಲಾಗಲಿಲ್ಲ. “ನಾನೇ ಕೂತ್ಕೊಳ್ತೀನಿ, ನಡೀರಿ” ಅಂತ ಬಾಗಿಲಿಗೆ ಕೈ ಹಾಕಿದರು. ಆಗಲಾದರೂ ಬಾಯಿ ಬಿಡಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು ಮಾತು.

ಅಷ್ಟರಲ್ಲಿ ಕಿವಿಯೇ ಅಂದ: “ಅತ್ತೆ, ಮೊದಲನೇ ಸಲ ನಾನು ಕೂತು ಕೇಳ್ಬೇಕು. ಬಿಸಿಯಾದ ಮೇಲೆ ಹೇಗೆ ಉಸಿರಾಡುತ್ತೆ ಗೊತ್ತಾಗ್ಬೇಕು.” ಅತ್ತೆ ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿದರು. ಅವನು ಕೂತ. ನನ್ನ ಮಾತು ವಾಪಸು ಒಳಗೆ ಹೋಯಿತು. ಎರಡು ಕಾರ್ಬುರೇಟರೂ ಒಂದೇ ದನಿಯಲ್ಲಿ ಗಾಳಿ ಎಳೆದುಕೊಂಡವು, ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು. ಸದ್ದು ಎಷ್ಟು ಚೆನ್ನಾಗಿತ್ತೆಂದರೆ ಎದುರು ಮನೆಯವರು ಬಾಲ್ಕನಿಗೆ ಬಂದು ನಿಂತರು. ನಾನು ಗಡಿಯಾರ ನೋಡಿಕೊಂಡೆ.

ಇಪ್ಪತ್ತೈದು ನಿಮಿಷಕ್ಕೆ ನಾದಿನಿಯ ಫೋನು ಬಡಿದುಕೊಂಡಿತು. ಅವಳ ಮುಖದ ಬಣ್ಣ ಇಳಿಯಿತು. “ಬೆಂಕಿಯಂತೆ” ಅಂದಳು.

ನನ್ನ ಕಾರಿನಲ್ಲಿ ಎಲ್ಲರೂ ಹೋದೆವು. ನೀರಿನ ಟ್ಯಾಂಕಿನ ಏರಿನಲ್ಲಿ, ಯಾರೋ ಮನೆ ಕಟ್ಟಲು ಹಾಕಿಸಿದ್ದ ಮರಳ ರಾಶಿಯ ಪಕ್ಕ ಹಳದಿ ಕಾರು ನಿಂತಿತ್ತು. ಬಾನೆಟ್ ಮೇಲೆದ್ದಿತ್ತು, ಎಂಜಿನ್ನಿನ ಮೇಲೆಲ್ಲ ಮರಳು. ಮಾವ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಮೈಗೆ ಏನೂ ಆಗಿರಲಿಲ್ಲ. ಕಿವಿ ಬನಿಯನ್ನಿನಲ್ಲಿ ನಿಂತಿದ್ದ. ಅವನ ಅಂಗಿ ಕರಕಲಾಗಿ ಎಂಜಿನ್ನಿಗೆ ಅಂಟಿಕೊಂಡಿತ್ತು. ಅದನ್ನು ಬಿಚ್ಚಿ ಬರಿಗೈಯಲ್ಲಿ ಬೆಂಕಿಯ ಮೇಲೆ ಒತ್ತಿ ಹಿಡಿದಿದ್ದನಂತೆ. ಬಲ ಅಂಗೈ ಪೂರ್ತಿ ಬೊಬ್ಬೆ.

ನನ್ನ ತಪ್ಪು ಏನು ಅಂತ ನನಗೆ ಅಲ್ಲೇ, ಆ ಮರಳ ಮೇಲೆ ನಿಂತಾಗ ಹೊಳೆಯಿತು. ಇಪ್ಪತ್ತೆರಡು ವರ್ಷ ನಾನು ಇಂಜೆಕ್ಷನ್ನಿನ ಪಂಪುಗಳ ನಡುವೆ ಬದುಕಿದವನು. ಅಲ್ಲಿ ಹೆಚ್ಚಾದ ಪೆಟ್ರೋಲು ಇನ್ನೊಂದು ಪೈಪಿನಲ್ಲಿ ತನ್ನ ಪಾಡಿಗೆ ಟ್ಯಾಂಕಿಗೆ ವಾಪಸು ಹೋಗುತ್ತದೆ. ಆ ಪೈಪಿನ ಬಾಯಿಯನ್ನು ಕಿವಿ ಮುಚ್ಚಿದ್ದು ನನ್ನ ಕಣ್ಣೆದುರಿಗೇ. ಕಾರ್ಬುರೇಟರಿನಲ್ಲಿ ಹೆಚ್ಚಾದದ್ದು ವಾಪಸು ಹೋಗುವುದಿಲ್ಲ, ತುಂಬಿ ಹೊರಗೆ ಸುರಿಯುತ್ತದೆ. ಈ ಎಂಜಿನ್ನಿನಲ್ಲಿ ಕಾರ್ಬುರೇಟರಿನ ನೇರ ಕೆಳಗೆ ಹೊಗೆ ಹೋಗುವ ಕಾದ ಕೊಳವೆ ಇದೆ. ಪಂಕ್ಚರ್ ಅಂಗಡಿಯಲ್ಲಿ ಬೆಳೆದವನಿಗೆ ಗೊತ್ತಿರುವುದು ಡಿಪ್ಲೊಮಾದವನ ತಲೆಗೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಮೇಲೆ ನಡುಮನೆಯಲ್ಲಿ ಎಲ್ಲರೂ ಇದ್ದರು. ಮಾವನಿಗೆ ಈಗ ಹೆದರಿಕೆ ಇಳಿದು ಸಿಟ್ಟು ಏರಿತ್ತು. “ಏನಾಯ್ತೋ ಅದು?”

ನಾನು ಗೋಡೆಗೆ ಒರಗಿ ನಿಂತಿದ್ದೆ. ಇನ್ನೊಂದು ಮಾತಿಗೆ ಕಿವಿ ನನ್ನ ಹೆಸರು ಎತ್ತುತ್ತಾನೆ, ಭಾವನೇ ನೋಡಿ ಕೊಟ್ಟಿದ್ದು ಅನ್ನುತ್ತಾನೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ.

“ನಂದೇ ತಪ್ಪು ಮಾವ,” ಅಂದ. “ರೆಗ್ಯುಲೇಟರ್ ಚೆಕ್ ಮಾಡಿಸ್ದೆ ಹಾಗೇ ಹಾಕ್ಬಿಟ್ಟೆ. ಪ್ರೆಶರ್ ಏರಿದೆ.”

“ಚೆಕ್ ಮಾಡಿಸ್ದೆ? ಮನೆಯಲ್ಲೇ ಅಂಥವರಿದ್ದಾರೆ, ಅರ್ಧ ಗಂಟೆ ನೋಡದೆ ಒಂದು ಮೊಳೆಯನ್ನೂ ಪಾಸ್ ಮಾಡೋರಲ್ಲ. ಅವರನ್ನ ಒಂದು ಮಾತು ಕೇಳೋದಕ್ಕೆ ನಿನಗೇನು ದಾಡಿ? ಕಿವಿ ಒಂದಿದ್ರೆ ಸಾಲ್ದಯ್ಯ, ಅಳತೆ ಬೇಕು, ಅಳತೆ. ಇವರನ್ನ ನೋಡಿ ಕಲಿ.”

ಹನ್ನೊಂದು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಹಿತವಾಯಿತು. ಆಮೇಲೆ ಕಿವಿ ತಲೆ ತಗ್ಗಿಸಿ ಪಟ್ಟಿಯ ಅಂಚು ಕೀಳುತ್ತ ಕೂತಿದ್ದನ್ನು ನೋಡಿದೆ. ನಾದಿನಿ ಗಂಡನ ಪರವಾಗಿ ಬಾಯಿ ತೆರೆದಳು, ಅವನು ಎಡಗೈಯಲ್ಲಿ ಅವಳ ಮೊಣಕೈ ಒತ್ತಿ ಸುಮ್ಮನಾಗಿಸಿದ. ನಾನು ಗೋಡೆಗೆ ಒರಗಿಯೇ ನಿಂತಿದ್ದೆ.

ಮಾರನೇ ದಿನ ಕೆಲಸಕ್ಕೆ ರಜೆ ಹಾಕಿ ಶೆಡ್ಡಿಗೆ ಹೋದೆ. ಸುಟ್ಟ ಭಾಗಗಳನ್ನೆಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ರೆಗ್ಯುಲೇಟರ್ ಕೊನೆಯಲ್ಲಿತ್ತು. ಕೈಗೆತ್ತಿಕೊಂಡು ತಿರುಗಿಸಿದೆ. ಮೈಯೆಲ್ಲ ಮಸಿ, ಹಸಿರು ಚುಕ್ಕೆ ಇದ್ದ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಬೆಂಕಿಗೆ ಹೋದ ಬಣ್ಣ ಹಾಗೆ ಹೋಗುವುದಿಲ್ಲ. ಯಾರೋ ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದಿದ್ದರು. ಗೆರೆಗಳು ಸೊಟ್ಟಸೊಟ್ಟವಾಗಿದ್ದವು, ಎಡಗೈಯಲ್ಲಿ ಕೆರೆದ ಹಾಗೆ.

ಬೊಬ್ಬೆ ಎದ್ದ ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಗುರುತನ್ನು ಅಳಿಸಿದ್ದ. ನನಗೆ ನಾಚಿಕೆ ಆಯಿತು ಅಂತ ಬರೆದರೆ ಚೆನ್ನಾಗಿರುತ್ತದೆ. ನಿಜಕ್ಕೂ ಮೊದಲು ಬಂದದ್ದು ಸಿಟ್ಟು. ಇವನ್ಯಾರು ನನ್ನನ್ನು ಉಳಿಸುವುದಕ್ಕೆ? ಇವನನ್ನು ಯಾರು ಕೇಳಿದರು? ನಾಚಿಕೆ ಆಮೇಲೆ, ಕಾರಿನಲ್ಲಿ ಮನೆಗೆ ಹೋಗುವಾಗ ಬಂತು. ಬಂದದ್ದು ಹೋಗಲಿಲ್ಲ.

ಮಾವ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಇನ್ನು ಮುಂದಿನ ಕೆಲಸ ನೀವೇ ನೋಡಿ ಅಂದರು. ಹೊಸ ರೆಗ್ಯುಲೇಟರ್ ತಂದು, ಒಂದು ಗಂಟೆ ಬೆಂಚಿನ ಮೇಲೆ ಓಡಿಸಿ ನೋಡಿ ಹಾಕಿದೆ. ಸುಟ್ಟ ವೈರು, ಪೈಪು ಬದಲಿಸಿದೆ. ಎರಡು ವಾರ ಆ ಮನೆಯಲ್ಲಿ ಎಲ್ಲರೂ ನನ್ನನ್ನು ತಲೆಯ ಮೇಲೆ ಕೂರಿಸಿಕೊಂಡರು. ಅಳತೆ ಅಂದರೆ ಅಳತೆ ಅಂತ ಮಾವ ಹಲ್ಲು ಕೀಳಿಸಿಕೊಳ್ಳಲು ಬಂದವರಿಗೂ ನನ್ನ ಗುಣಗಾನ ಮಾಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಕೊನೆಯ ರೋಗಿ ಹೋಗುವವರೆಗೆ ಕಾದು ಮಾವನ ಕೋಣೆಗೆ ಹೋದೆ. ಅಲ್ಲಿ ಕೂರಲು ಇರುವುದು ಒಂದೇ ಕುರ್ಚಿ, ಹಲ್ಲು ತೋರಿಸುವವರು ಒರಗುವ ಕುರ್ಚಿ. ಅದರಲ್ಲೇ ಕೂರಿಸಿದರು. ಮೇಲಿನ ದೀಪ ಇನ್ನೂ ಉರಿಯುತ್ತಿತ್ತು, ಸರಿಯಾಗಿ ನನ್ನ ಮುಖಕ್ಕೆ.

“ಏನು, ದವಡೆ ನೋವಾ?” ಅಂದರು.

“ಅಲ್ಲ ಮಾವ. ಆ ರೆಗ್ಯುಲೇಟರ್ ವಿಷಯ. ಅವನು ಚೆಕ್ ಮಾಡಿಸದೇ ಹಾಕಿದ್ದಲ್ಲ. ನನಗೆ ತಂದು ಕೊಟ್ಟಿದ್ದ. ಪಾಸ್ ಮಾಡಿದ್ದು ನಾನು.”

ಮಾವ ಕೈಗವಸು ಬಿಚ್ಚುತ್ತಿದ್ದವರು ಹಾಗೇ ನಿಂತರು. ಅವರ ಮುಖ ಮೆಲ್ಲಗೆ ಅರಳಿತು.

“ನೀವು ಹೀಗೇ ಬಂದು ಹೇಳ್ತೀರ ಅಂತ ಅವನು ಅವತ್ತೇ ಹೇಳಿದ್ದ. ‘ಮಾವ, ಇವತ್ತಲ್ಲ ನಾಳೆ ಭಾವ ಬಂದು ತಪ್ಪು ತಮ್ದು ಅಂತಾರೆ. ನನ್ನ ಮರ್ಯಾದೆ ಉಳಿಸೋದಕ್ಕೆ ಅಂತಾರೆ, ನಂಬಬೇಡಿ’ ಅಂದ.”

“ಮಾವ, ನಾನು ಸುಳ್ಳು ಹೇಳ್ತಿಲ್ಲ. ಅದು ಅರ್ಧ ಗಂಟೆಗೆ ಫೇಲಾಯ್ತು, ನಾನೇ ನೋಡಿದೆ. ನೋಡಿಯೂ ಹಸಿರು ಚುಕ್ಕೆ ಇಟ್ಟೆ. ಬೇಕು ಅಂತಲೇ ಮಾಡ್ದೆ.”

“ಅದನ್ನೂ ಹೇಳಿದ್ದ,” ಅಂತ ಮಾವ ನಕ್ಕರು. “‘ನೀವು ನಂಬ್ಲಿಲ್ಲ ಅಂದ್ರೆ, ಬೇಕು ಅಂತಲೇ ಮಾಡ್ದೆ ಅಂತಾನೂ ಅಂದ್ಬಿಡ್ತಾರೆ ಮಾವ, ಅಷ್ಟು ದೊಡ್ಡ ಮನಸು ಅವರದು’ ಅಂದ.” ಕೈಗವಸನ್ನು ಬುಟ್ಟಿಗೆ ಹಾಕಿ ನನ್ನ ಭುಜ ತಟ್ಟಿದರು. “ಇಬ್ಬರು ಅಳಿಯಂದಿರ ನಡುವೆ ಹೊಟ್ಟೆಕಿಚ್ಚು ಇಲ್ಲದ ಮನೆ ನಾನು ಇನ್ನೊಂದು ನೋಡಿಲ್ಲ. ಏಳಿ, ನಿಮ್ಮ ಹಲ್ಲು ಚೆನ್ನಾಗೇ ಇರುತ್ತೆ.”

ಆ ದೀಪದ ಕೆಳಗೆ ನಾನು ಬಾಯಿ ತೆರೆದುಕೊಂಡೇ ಕೂತಿದ್ದೆ. ಬೇಕು ಅಂತಲೇ. ಅಷ್ಟು ಸರಿಯಾಗಿ ಆ ಪದವನ್ನು ಅವನು ಮೊದಲೇ ತಂದು ಇಲ್ಲಿ ಇಟ್ಟು ಹೋಗಿದ್ದಾನೆ ಅಂದರೆ ಅವನಿಗೆ ಎಲ್ಲವೂ ಗೊತ್ತಿತ್ತು. ಅರ್ಧ ಗಂಟೆ ನೋಡುವವನು ಹತ್ತು ನಿಮಿಷಕ್ಕೆ ಚುಕ್ಕೆ ಇಡುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ನಾನು ಹೊರಗೆ ಬರಬಹುದಾದ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದ್ದ. ಅದು ಪ್ರೀತಿಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಹಿತ್ತಲ ಬಾಗಿಲಿನಿಂದ ಶೆಡ್ಡಿಗೆ ಹೋದೆ. ಕಿವಿ ಮಗುಚಿದ ಬಕೆಟ್ಟಿನ ಮೇಲೆ ಕೂತು, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ನಾಳೆ ಅತ್ತೆ ಮಾವ ಕೆರೆಗೆ ಹೊರಡುವವರಿದ್ದರು. ನಾನು ಬರುವುದನ್ನು ನೋಡಿ ತಲೆ ಎತ್ತಿದ.

“ಮಾವನ ಹತ್ರ ಮಾತಾಡಿದ್ರಾ ಭಾವ?”

“ಆಡಿದೆ.”

“ಏನಂದ್ರು?”

“ನಂಬಲಿಲ್ಲ.”

ಕಿವಿ ತಲೆಯಾಡಿಸಿದ. “ನಂಬಲ್ಲ ಬಿಡಿ. ನಾನೂ ಒಂದು ವಾರ ನಂಬದೇ ಇರೋಕೆ ನೋಡ್ದೆ. ನನಗೆ ಆಗ್ಲಿಲ್ಲ.” ಅಷ್ಟೇ ಹೇಳಿದ, ಎದ್ದು ಒಳಗೆ ಹೋದ. ಅವನ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ನೋವು ಇತ್ತು. ಮರುದಿನ ಅತ್ತೆ ಮಾವ ಕೆರೆಗೆ ಹೋಗಿ ಸುಖವಾಗಿ ಬಂದರು, ಎಲ್ಲರೂ ನನ್ನ ಕೈ ಕುಲುಕಿದರು. ಕಿವಿಯೂ ಕುಲುಕಿದ, ಎಡಗೈಯಲ್ಲಿ. ಅವನ ಜಾಗದಲ್ಲಿ ನಾನಿದ್ದಿದ್ದರೆ ಆ ಚುಕ್ಕೆಯನ್ನು ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದೆ. ಅವನ ಹಾಗೆ ಇರಲು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ ಅಂತ ಅವತ್ತು ಖಾತ್ರಿಯಾಯಿತು, ಅವತ್ತು ಉರಿದಷ್ಟು ನನ್ನ ಹೊಟ್ಟೆ ಯಾವತ್ತೂ ಉರಿದಿರಲಿಲ್ಲ.